ಕಂಡವನ ಚಿಲುಮೆ

ನೀರು ಸರಬರಾಜು ಕಚೇರಿಯವರು ನದಿ ದಡದ ಶಿಬಿರಕ್ಕೆ ಎಲ್ಲವನ್ನೂ ಹೊತ್ತು ತಂದಿದ್ದರು, ಕುಡಿಯುವ ನೀರೊಂದನ್ನು ಬಿಟ್ಟು.

ಡೇರೆ ಬಂದಿತ್ತು, ಡೇರೆಯ ಗೂಟ ಬಂದಿತ್ತು, ಗೂಟ ಹೊಡೆಯುವ ಸುತ್ತಿಗೆಯೂ ಬಂದಿತ್ತು. ಸಾಹೇಬರ ಮಡಿಸುವ ಕುರ್ಚಿ, ಆ ಕುರ್ಚಿಗೊಂದು ದಿಂಬು, ಇಸ್ಪೀಟಿನ ಕಟ್ಟು, ಒಲೆ, ಅಕ್ಕಿ, ಚಹಾಪುಡಿ, ಸಕ್ಕರೆ ಎಲ್ಲ ಬಂದಿದ್ದವು. ಅಕೌಂಟ್ಸಿನ ಅಕ್ಕ ಪಾತ್ರೆಯನ್ನು ಒಲೆಯ ಮೇಲಿಟ್ಟು, "ನೀರು ಕೊಡ್ರಪ್ಪಾ" ಎಂದು ಕೈ ಚಾಚಿದಾಗಲೇ ವಿಷಯ ಬಯಲಾದದ್ದು. ನೀರು ತರುವುದು ಸಂಗ್ರಹಣಾ ವಿಭಾಗದ ಕೆಲಸ ಅಂತ ಸರಬರಾಜು ವಿಭಾಗದವರು ಅಂದುಕೊಂಡಿದ್ದರು. ಕೊಟ್ಟರೆ ತಾನೇ ಸಂಗ್ರಹಿಸುವುದು ಅಂತ ಸಂಗ್ರಹಣೆಯವರು ಸುಮ್ಮನಿದ್ದರು. ಲ್ಯಾಬಿನವರ ಹತ್ತಿರ ಮಾತ್ರ ಒಂದು ಬಾಟಲಿ ಇತ್ತು, ಅಂಗಡಿಯಲ್ಲಿ ಕೊಂಡದ್ದು, ಅದೂ ತಳ ಕಂಡಿತ್ತು. ಊರಿನ ನೀರನ್ನೆಲ್ಲ ಪರೀಕ್ಷೆ ಮಾಡಿ "ಕುಡಿಯಲು ಯೋಗ್ಯ" ಎಂದು ಸಹಿ ಹಾಕುವವರು ಅವರೇ. ಆ ನೀರನ್ನು ಅವರು ಕುಡಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಶಿಬಿರ ಅಂದ್ರೇನು? ಸ್ವಾವಲಂಬನೆ!" ಎಂದರು ಸಾಹೇಬರು, ಕೂತಲ್ಲಿಂದಲೇ. "ಎದುರಿಗೇ ನದಿ ಹರೀತಿದೆ. ನಾವೇ ತರೋಣ."

ಆ ಕಚೇರಿಯಲ್ಲಿ ಮೇಲಿನಿಂದ ಕೆಳಕ್ಕೆ ಯಾವ ತಡೆಯೂ ಇಲ್ಲದೆ ಹರಿಯುವುದು ನೀರಲ್ಲ, ಆಜ್ಞೆ. ಸಾಹೇಬರು ಲ್ಯಾಬಿನವರನ್ನು ನೋಡಿದರು. ಲ್ಯಾಬಿನವರು ಅಕೌಂಟ್ಸಿನ ಅಕ್ಕನನ್ನು ನೋಡಿದರು. ಅಕ್ಕ ಲೈನ್‌ಮನ್ನನ್ನು ನೋಡಿದಳು. ಅವನು ಮರದಡಿ ಟವೆಲನ್ನು ಮುಖಕ್ಕೆ ಹೊದ್ದು ಗೊರಕೆ ಹೊಡೆಯುತ್ತಿದ್ದ. ಸಾಹೇಬರ "ನಾವೇ" ಹೀಗೆ ಇಳಿಯುತ್ತಾ ಇಳಿಯುತ್ತಾ ತಗ್ಗು ಎಲ್ಲಿದೆಯೋ ಅಲ್ಲಿ ಬಂದು ನಿಂತಿತು. ತಗ್ಗಿನಲ್ಲಿ ಕಿಟಕಿರಾಯನಿದ್ದ.

ಕಿಟಕಿರಾಯನೆಂದರೆ ಕಚೇರಿಯ ದೂರು ಕಿಟಕಿಯ ಗುಮಾಸ್ತ. ಎದುರಿಗೆ ಕಬ್ಬಿಣದ ಸರಳು, ಸರಳಿನಾಚೆ ಖಾಲಿ ಕೊಡ ಹಿಡಿದ ಊರು. "ನೀರು ಯಾವಾಗ ಬಿಡ್ತೀರಿ?" ಎಂದು ಊರು ಕೇಳುತ್ತಿತ್ತು. ಕಿಟಕಿರಾಯನ ಹತ್ತಿರ ಇದ್ದದ್ದು ಒಂದೇ ಉತ್ತರ: "ಲೈನ್‌ಮನ್ ಹೋಗಿದಾರೆ." ಎಲ್ಲಿಗೆ ಹೋಗಿದಾರೆ, ಯಾವಾಗ ಬರ್ತಾರೆ ಎಂದು ದನಿ ಏರತೊಡಗಿದರೆ ಅವನ ಕೈ ತಾನಾಗಿ ಮೇಲೆದ್ದು ಕಿಟಕಿಯ ಮರದ ಪರದೆಯನ್ನು ದಢಾರನೆ ಕೆಳಕ್ಕೆಳೆಯುತ್ತಿತ್ತು. ಆಮೇಲೆ ಎಂಥ ಬೈಗುಳವೂ ಒಳಕ್ಕೆ ಬರುತ್ತಿರಲಿಲ್ಲ. ಹೆಚ್ಚೆಂದರೆ ಹಲಗೆಗೆ ಕೊಡ ಬಡಿದ ಸದ್ದು. ಸರಳಿನ ಹಿಂದೆ ತಾನು ಹುಲಿ, ಸರಳು ತೆಗೆದರೆ ಬೆಕ್ಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಸ್ವಂತ ಬೀದಿಯ ನಲ್ಲಿಯೂ ಕೆಲವು ತಿಂಗಳಿಂದ ಗಾಳಿಯನ್ನಷ್ಟೇ ಉಗುಳುತ್ತಿತ್ತು. ಹೆಂಡತಿ ಬೆಳಗೆದ್ದು ಕೇಳುವುದೂ ಅದೇ ಪ್ರಶ್ನೆ. ಮನೆಯಲ್ಲಿ ಮರದ ಪರದೆ ಇಲ್ಲವಲ್ಲ, ಅವನು ಕಂಬಳಿಯನ್ನೇ ಮುಖದ ಮೇಲೆಳೆದುಕೊಳ್ಳುತ್ತಿದ್ದ.

ಅವನ ಬದುಕಿನಲ್ಲಿ ಈಗ ಉಳಿದ ಆಸೆ ಒಂದೇ: ನಕ್ಷೆ ಕೋಣೆ. ಕಚೇರಿಯ ಹಿಂಭಾಗದಲ್ಲಿ, ಹಳೆಯ ಕೊಳವೆ ನಕ್ಷೆಗಳನ್ನು ಸುರುಳಿ ಸುತ್ತಿಟ್ಟಿರುವ ಕತ್ತಲೆ ಕೋಣೆ. ಅಲ್ಲಿಗೆ ಯಾರೂ ಬರುವುದಿಲ್ಲ, ಇಲಿಗಳೂ ಬೇಸತ್ತು ಹೋಗಿವೆ. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ! ಅಲ್ಲಿ ಕೂರುತ್ತಿದ್ದವರು ನಿವೃತ್ತರಾದ ದಿನದಿಂದ ಕಿಟಕಿರಾಯನಿಗೆ ಕನಸಿನಲ್ಲಿ ಆ ಚಿಲಕವೇ ಬರುತ್ತಿತ್ತು.

"ಏನ್ರೀ ಕಿಟಕಿರಾಯ," ಎಂದರು ಸಾಹೇಬರು, "ನಕ್ಷೆ ಕೋಣೆ ಬೇಕು ಅಂತಿದ್ರಲ್ಲ? ಇವತ್ತು ನೋಡೋಣ ನಿಮ್ಮ ಕೈಲಿ ಏನಾಗುತ್ತೆ ಅಂತ."

ಕಿಟಕಿರಾಯ ನೀರಿನ ಖಾಲಿ ಕ್ಯಾನು ಎತ್ತಿಕೊಂಡು ಓಡಿದ. ಅವನು ಓಡಿದ್ದನ್ನು ಕಚೇರಿ ಕಂಡದ್ದು ಅದೇ ಮೊದಲು.

ಡೇರೆಯ ಎದುರಿಗೇ, ದಡಕ್ಕೆ ತಾಗಿದಂತೆ ಕ್ಯಾನನ್ನು ಅದ್ದಿ, ಬುಳುಬುಳು ಸದ್ದು ನಿಂತ ಕೂಡಲೇ ಎತ್ತಿಕೊಂಡು ಬಂದ. ಇಷ್ಟೇನಾ ಕೆಲಸ! ಊರಿಗೆ ನೀರು ಕೊಡಲು ಇಷ್ಟು ದೊಡ್ಡ ಕಚೇರಿ, ಇಷ್ಟು ಮಂದಿ ಯಾಕೆ ಬೇಕು ಎಂಬ ಅಪಾಯಕಾರಿ ಯೋಚನೆಯೂ ಒಂದು ಗಳಿಗೆ ಸುಳಿಯಿತು.

ಲ್ಯಾಬಿನವರು ಒಂದು ಲೋಟಕ್ಕೆ ಬಗ್ಗಿಸಿಕೊಂಡು ಬಿಸಿಲಿಗೆ ಹಿಡಿದರು. ಲೋಟದೊಳಗಿನಿಂದ ಒಂದು ಗೊದಮೊಟ್ಟೆ ಅವರನ್ನೇ ದಿಟ್ಟಿಸಿ ನೋಡಿತು.

"ಇದರಲ್ಲಿ ಸಂಸಾರ ಇದೆಯಲ್ರೀ!" ಎಂದರು ಲ್ಯಾಬಿನವರು.

"ದಡದಲ್ಲೇ ತುಂಬಿಸಿದ್ರಾ?" ಅಕ್ಕ ಹಣೆ ಹಣೆ ಚಚ್ಚಿಕೊಂಡಳು. "ನಿಂತ ನೀರು ಯಾರಾದ್ರೂ ತರ್ತಾರಾ? ಹರಿಯೋ ನೀರು ತರಬೇಕು. ನಡುವಿಗೆ ಹೋಗ್ಬೇಕಪ್ಪಾ, ನಡುವಿಗೆ!"

"ಕ್ಯಾನಿನ ಬಾಯಿ ಹರಿವಿಗೆ ಎದುರಾಗಿ ಹಿಡೀಬೇಕು ರಾಯರೇ," ಎಂದಿತು ಟವೆಲು. ಲೈನ್‌ಮನ್ನಿಗೆ ಎಚ್ಚರವಾಗಿತ್ತು, ಅದು ನಾಲಿಗೆಯ ಮಟ್ಟಿಗೆ ಮಾತ್ರ. ಇಷ್ಟು ವರ್ಷ 'ಲೈನ್‌ಮನ್ ಹೋಗಿದಾರೆ' ಎಂದು ತಾನು ಊರಿಗೆ ಹೇಳಿದ್ದು ಸುಳ್ಳಲ್ಲ, ಹೋದದ್ದು ನಿದ್ದೆಗೆ ಎಂದು ಕಿಟಕಿರಾಯನಿಗೆ ಸಮಾಧಾನವಾಯಿತು.

ಎರಡನೆಯ ಸಲ ಅವನು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಶೂ ಬಿಚ್ಚಲು ಮರೆತು ನದಿಗಿಳಿದ. ತಾನೊಬ್ಬ ಸಾಹಸಿ, ದಡದಲ್ಲಿ ನಿಂತವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ ಎಂದುಕೊಂಡು ತಿರುಗಿ ನೋಡಿದರೆ ಅವರು ಇಸ್ಪೀಟು ಹಂಚುತ್ತಿದ್ದರು. ಆ ಬೇಸರದಲ್ಲಿ ಮುಂದಿಟ್ಟ ಹೆಜ್ಜೆ ಪಾಚಿಗಟ್ಟಿದ ಕಲ್ಲಿನ ಮೇಲೆ ಬಿತ್ತು. ಕಿಟಕಿರಾಯ ಬೀಳಲಿಲ್ಲ, ಕೂತ. ಕಚೇರಿಯಲ್ಲಿ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುವ ಅದೇ ಠೀವಿಯಲ್ಲಿ ನದಿಯ ನಡುವೆ ಕೂತ. ಎಡಗಾಲಿನ ಶೂ ಅವನನ್ನು ಕೇಳದೆ ರಜೆ ಹಾಕಿ ಹೊಳೆಯ ಜೊತೆ ಹೊರಟುಹೋಯಿತು. ಕ್ಯಾನೂ ಹೊರಟಿತ್ತು. ಅದರ ಹಿಡಿಯನ್ನು ಹಲ್ಲು ಕಚ್ಚಿ ಹಿಡಿದುಕೊಂಡದ್ದರಿಂದ ಅವನೂ ಅದರ ಹಿಂದೆ ಸ್ವಲ್ಪ ದೂರ, ಗೂಡ್ಸ್ ರೈಲಿನ ಕೊನೆಯ ಡಬ್ಬಿಯಂತೆ, ಸಾಗಿದ.

ಕೊನೆಗೆ ಎದ್ದು ನಿಂತಾಗ ಕ್ಯಾನು ತುಂಬಿತ್ತು. ಪ್ಯಾಂಟಿನ ಜೇಬುಗಳೂ ತುಂಬಿದ್ದವು.

"ಈಗ ಗೊದಮೊಟ್ಟೆ ಇಲ್ಲ," ಎಂದರು ಲ್ಯಾಬಿನವರು, ಲೋಟವನ್ನು ಮತ್ತೆ ಬಿಸಿಲಿಗೆ ಹಿಡಿದು. "ಆದ್ರೆ ನೊರೆ ಇದೆ. ವಾಸನೇನೂ ಇದೆ. ಗುಲಾಬಿ."

ಎಲ್ಲರ ಕಣ್ಣೂ ಹೊಳೆಯ ಮೇಲ್ಭಾಗಕ್ಕೆ ಹೋಯಿತು. ಅಲ್ಲಿ, ಬಂಡೆಯೊಂದರ ಮೇಲೆ, ಚಹಾ ಆಗುವಷ್ಟರಲ್ಲಿ ಒಂದು ಸ್ನಾನ ಮುಗಿಸೋಣವೆಂದು ಹೋಗಿದ್ದ ಸಾಹೇಬರು ಬೆನ್ನಿಗೆ ಸೋಪು ಹಚ್ಚಿಕೊಳ್ಳುತ್ತಿದ್ದರು.

ಇಸ್ಪೀಟು ನಿಂತಿತು.

"ಹಾಗಾದ್ರೆ ಇದು ಕುಡಿಯೋಕೆ ಆಗಲ್ಲ," ಎಂದ ಕಿಟಕಿರಾಯ.

"ಶ್! ಸಾಹೇಬ್ರು ಮಿಂದ ನೀರು ಕುಡಿಯೋಕೆ ಆಗಲ್ಲ ಅಂತ ನೀವು ಹೇಳ್ತಿದ್ದೀರಿ, ನಾನಲ್ಲ," ಎಂದರು ಲ್ಯಾಬಿನವರು, ಸುತ್ತಮುತ್ತ ನೋಡಿ. "ನಾನು ನೊರೆ ಇದೆ ಅಂದೆ ಅಷ್ಟೆ. ನೊರೆ ಹಾಲಿನಲ್ಲೂ ಇರುತ್ತೆ."

"ಕುಡಿಯಲು ಯೋಗ್ಯ ಅಂತ ಬರೆದುಕೊಡ್ತೀರಾ?"

"ಬರೆದುಕೊಡ್ತೀನಿ. ಕುಡಿಯಲ್ಲ."

ಅಕ್ಕ ತಗ್ಗಿದ ದನಿಯಲ್ಲಿ ದಾರಿ ಹೇಳಿದಳು. "ಸಾಹೇಬ್ರಿಗೆ ಕಾಣದ ಹಾಗೆ ಅವರನ್ನೂ ದಾಟಿ ಆಚೆ ಹೋಗಿ ತುಂಬಿಸಿಕೊಂಡು ಬನ್ನಿ. ಬೇಗ ಬನ್ನಿ, ಚಹಾ ಇಲ್ಲದೆ ನನಗೆ ತಲೆ ಸಿಡೀತಿದೆ."

ಸಾಹೇಬರ ಕಣ್ಣು ತಪ್ಪಿಸಿ ಮುಳ್ಳುಪೊದೆಗಳ ನಡುವೆ ಒಂದು ಕಾಲಿಗೆ ಶೂ, ಒಂದು ಕಾಲಿಗೆ ಒದ್ದೆ ಕಾಲುಚೀಲ ಹಾಕಿಕೊಂಡು, ಕ್ಯಾನನ್ನು ಎದೆಗವಚಿಕೊಂಡು ಬಗ್ಗಿ ನಡೆಯುವಾಗ ಕಿಟಕಿರಾಯನಿಗೆ ತನ್ನ ಮೇಲೆ ತನಗೇ ನಗು ಬಂತು. ಕದಿಯುತ್ತಿರುವುದು ಹೊಳೆಯ ನೀರು. ಹೆದರುತ್ತಿರುವುದು ಬ್ಯಾಂಕು ಒಡೆಯುವವನ ಹಾಗೆ. ಅಂಗಿಯ ತೋಳು ಒಂದು ಮುಳ್ಳಿಗೆ ಹೋಯಿತು, ಕನ್ನಡಕ ಇನ್ನೊಂದಕ್ಕೆ ಸಿಕ್ಕಿ ಹೇಗೋ ವಾಪಸು ಬಂತು. ಹೊಳೆಯ ತಿರುವು ದಾಟುವಷ್ಟರಲ್ಲಿ ಅವನಿಗೆ ಒಂದು ಸದ್ದು ಕೇಳಿಸಿತು. ಹಾವು ಬುಸುಗುಟ್ಟಿದಂಥ ಸದ್ದು.

ಪೊದೆ ಸರಿಸಿ ನೋಡಿದ. ಶುದ್ಧೀಕರಣ ಘಟಕದಿಂದ ಊರಿಗೆ ಹೋಗುವ ದೊಡ್ಡ ಕಬ್ಬಿಣದ ಕೊಳವೆ ಅಲ್ಲಿ ಮಲಗಿತ್ತು. ಮೈಮೇಲೆ ಅವರದೇ ಕಚೇರಿಯ ನೀಲಿ ಪಟ್ಟೆ. ಜೋಡಣೆಯ ಜಾಗದಲ್ಲಿ ಅದು ಬಾಯಿ ಬಿಟ್ಟಿತ್ತು. ಆ ಬಾಯಿಂದ ಆಳೆತ್ತರದ ನೀರು ಆಕಾಶಕ್ಕೆ ಚಿಮ್ಮಿ, ಬಿಸಿಲಲ್ಲಿ ಕಾಮನಬಿಲ್ಲು ಕಟ್ಟಿ, ಕಲ್ಲಿನ ಮೇಲೆ ಬಿದ್ದು ನದಿಗೆ ಓಡುತ್ತಿತ್ತು. ಕೆಳಗೆಲ್ಲ ಪಾಚಿ ಬೆಳೆದಿತ್ತು, ಜರಿಗಿಡಗಳೂ ಹಬ್ಬಿದ್ದವು. ಒಡೆದು ತಿಂಗಳುಗಳೇ ಆಗಿವೆ ಅಂತ ಯಾರಿಗಾದರೂ ತಿಳಿಯುತ್ತಿತ್ತು.

ಕಿಟಕಿರಾಯ ಥಟ್ಟನೆ ಕಣ್ಣು ಮುಚ್ಚಿಕೊಂಡ.

ಅದಕ್ಕೆ ಕಾರಣವಿತ್ತು. ಆ ಕಚೇರಿಯಲ್ಲಿ ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಂದು ಪದ್ಧತಿಯಿದೆ: ಸೋರಿಕೆಯನ್ನು ಮೊದಲು ಯಾರು ನೋಡುತ್ತಾರೋ ಅದು ಅವರ ಸೋರಿಕೆ. ರಿಪೇರಿಯಾಗುವ ತನಕ ಅವರದೇ ಹೊಣೆ. ಅಗೆಯಲು ಅನುಮತಿ ತರುವವರು ಅವರು, ಹರಿದುಹೋದ ನೀರಿಗೆ ಜವಾಬು ಕೊಡುವವರು ಅವರು, ಇಷ್ಟು ದಿನ ಯಾಕೆ ನೋಡಲಿಲ್ಲ ಎಂದು ಬೈಸಿಕೊಳ್ಳುವವರೂ ಅವರೇ. ಹಿಂದೊಮ್ಮೆ ಒಬ್ಬ ಮೇಸ್ತ್ರಿ ಹುಮ್ಮಸ್ಸಿನಲ್ಲಿ ಒಂದು ಸೋರಿಕೆ ನೋಡಿಬಿಟ್ಟಿದ್ದ. ಆಮೇಲೆ ಅವನ ಕೂದಲು ಬೆಳ್ಳಗಾಯಿತು, ಉದುರಿತು, ಸೋರಿಕೆ ಹಾಗೇ ಇತ್ತು. ಅಂದಿನಿಂದ ಕೊಳವೆ ತಪಾಸಣೆಗೆ ಹೋಗುವವರು ಹಕ್ಕಿ ನೋಡುವವರ ಹಾಗೆ ಕತ್ತೆತ್ತಿಕೊಂಡೇ ನಡೆಯುತ್ತಿದ್ದರು. ಊರಿನ ಕೊಡಗಳು ಒಣಗಿದರೂ ಕಚೇರಿಯ ಕಣ್ಣಿಗೆ ಒಂದು ಹನಿಯೂ ಬೀಳದಿದ್ದದ್ದು ಹೀಗೆ.

ನಾನು ನೋಡಿಲ್ಲ, ಸದ್ದು ಕೇಳಿದೆ ಅಷ್ಟೆ, ಎಂದು ಕಿಟಕಿರಾಯ ಕಣ್ಣು ಮುಚ್ಚಿಕೊಂಡೇ ತನಗೆ ತಾನು ವಾದಿಸಿದ. ಆದರೆ ಮುಚ್ಚಿದ ಕಣ್ಣಿನೊಳಗೆ ಇನ್ನೊಂದು ಕಾಣಿಸಿತು. ಈ ಕೊಳವೆ ಹೋಗುವುದು ಅವನ ಬೀದಿಗೇ. ಬೆಳಕು ಹರಿಯುವ ಮುಂಚೆ ನಲ್ಲಿಯ ಬುಡದಲ್ಲಿ ಕೊಡವಿಟ್ಟು, ಬರುತ್ತೇನೋ ಎಂದು ಕಿವಿ ಕೊಟ್ಟು ಕೂರುವ ಹೆಂಡತಿ ಕಾಣಿಸಿದಳು. ಅವನು ಕಣ್ಣು ಮುಚ್ಚಿಕೊಂಡೇ ಕ್ಯಾನನ್ನು ಮುಂದಕ್ಕೆ ಹಿಡಿದ. ಅರ್ಧ ನೀರು ಕ್ಯಾನಿಗೆ ಬಿತ್ತು, ಇನ್ನರ್ಧ ಅವನ ಮುಖಕ್ಕೆ ಹೊಡೆಯಿತು. ತಕ್ಕ ಶಾಸ್ತಿ ಎಂದು ಅವನಿಗೂ ಅನ್ನಿಸಿತು.

ಶಿಬಿರದಲ್ಲಿ ಲ್ಯಾಬಿನವರು ಮೂರನೆಯ ಬಾರಿ ಲೋಟವನ್ನು ಬಿಸಿಲಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಕುಡಿದರು. ಕಣ್ಣರಳಿಸಿ ಲೋಟ ಖಾಲಿ ಮಾಡಿದರು.

"ಇದು ನೀರು!" ಎಂದರು. "ಒಂಥರಾ ಪರಿಮಳ ಇದೆ ನೋಡಿ. ಯಾವುದೋ ಬೇರು, ಗಿಡಮೂಲಿಕೆ ಸವರಿಕೊಂಡು ಬಂದಿದೆ. ನಮ್ಮ ಆಫೀಸಿನ ನೀರನ್ನ ನಾನು ನಾಯಿಗೂ ಹಾಕಲ್ಲ ಕಣ್ರೀ."

ಅದು ತಾವೇ ಲೆಕ್ಕ ಹಾಕಿ ಸುರಿಸುವ ಬ್ಲೀಚಿಂಗ್ ಪುಡಿಯ ಪರಿಮಳ ಎಂಬ ಮಾತು ಕಿಟಕಿರಾಯನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

ಅಕ್ಕ ಚಹಾ ಮಾಡುವುದನ್ನೇ ಮರೆತು ಎರಡು ಲೋಟ ಹಾಗೇ ಕುಡಿದಳು. "ಮಂಡಿ ನೋವು ಇಳೀತಿದೆ ಅನ್ಸುತ್ತೆ," ಎಂದಳು. ಲೈನ್‌ಮನ್ ಟವೆಲು ತೆಗೆದು ಎದ್ದು ಕೂತು ಕುಡಿದ. ಅದನ್ನು ಪವಾಡವೆಂದೇ ಎಲ್ಲರೂ ಒಪ್ಪಿದರು. ಗುಲಾಬಿ ವಾಸನೆಯ ಜೊತೆ ಬಂದ ಸಾಹೇಬರು ಲೋಟ ಬರಿದು ಮಾಡಿ ಇನ್ನೊಂದಕ್ಕೆ ಕೈ ಚಾಚಿದರು. ಆಮೇಲೆ ಮಾತಾಡಿದರು. ಪ್ರಕೃತಿ ಬಗ್ಗೆ, ಪರಿಶುದ್ಧತೆ ಬಗ್ಗೆ, ನಗರದ ಜನ ಏನೆಲ್ಲ ಕಳೆದುಕೊಂಡಿದ್ದಾರೆ ಎಂಬುದರ ಬಗ್ಗೆ. ಕೊನೆಗೆ ಕಿಟಕಿರಾಯನ ಒದ್ದೆ ಬೆನ್ನು ತಟ್ಟಿದರು.

"ನಕ್ಷೆ ಕೋಣೆ ನಿಮ್ಮದೇ ಕಣ್ರೀ!"

ಕಿಟಕಿರಾಯನ ಕಿವಿಯಲ್ಲಿ ಚಿಲಕ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಸಾಹೇಬರ ಮುಂದಿನ ಮಾತೂ ಬಿತ್ತು.

"ಎಲ್ಲಿ ತುಂಬಿಸಿದ್ರಿ ಇದನ್ನ? ನಡೀರಿ, ತೋರ್ಸಿ. ನಾನು ಅಲ್ಲೇ ಬೊಗಸೆ ಒಡ್ಡಿ ಕುಡೀಬೇಕು."

"ದೂರ ಇದೆ ಸರ್. ಮುಳ್ಳಿದೆ. ಹಾವೂ ಇರಬಹುದು."

"ನೀವು ಹೋಗಿ ಬಂದ್ರಲ್ಲ, ನಿಮಗೇನಾಯ್ತು?"

ತನಗೆ ಏನಾಗಿದೆ ಎಂಬುದಕ್ಕೆ ಅವನ ಒಂಟಿ ಶೂ, ಹರಿದ ತೋಳು, ಸೊಟ್ಟ ಕನ್ನಡಕ ಸಾಕ್ಷಿ ನುಡಿಯುತ್ತಿದ್ದವು. ಯಾರೂ ನೋಡಲಿಲ್ಲ. ಮೆರವಣಿಗೆ ಹೊರಟಿತು. ಕಿಟಕಿರಾಯ ಅವರನ್ನು ಎಡಕ್ಕೆ ಕರೆದೊಯ್ದ, ಬಲಕ್ಕೆ ಕರೆದೊಯ್ದ, ಒಂದೇ ಹುತ್ತಕ್ಕೆ ಎರಡು ಸುತ್ತು ಹಾಕಿಸಿದ. ನದಿಯ ಒಂದು ಮಡುವಿನ ಮುಂದೆ ನಿಂತು, "ಇದೇ ಸರ್ ಆ ಜಾಗ," ಎಂದು ತೋರಿಸಿದ. ಮಡುವಿನಿಂದ ಒಂದು ಎಮ್ಮೆ ತಲೆಯೆತ್ತಿ ಉಸಿರು ಬಿಟ್ಟಿತು.

"ತಮಾಷೆ ಸಾಕು," ಎಂದರು ಸಾಹೇಬರು. ಅಷ್ಟರಲ್ಲಿ ಲೈನ್‌ಮನ್ ಕಿವಿ ನಿಮಿರಿಸಿದ. "ಅಲ್ಲೆಲ್ಲೋ ನೀರು ಬುಸುಗುಡ್ತಿದೆ ಸರ್," ಎಂದ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ, ಆದರೆ ಸಾಹೇಬರು ಆಗಲೇ ಪೊದೆ ಸರಿಸಿದ್ದರು.

ಎಲ್ಲರೂ ಬಂದು ಸಾಲಾಗಿ ನಿಂತರು. ಎದುರಿಗೆ ಕಬ್ಬಿಣದ ಕೊಳವೆ, ನೀಲಿ ಪಟ್ಟೆ, ಒಡೆದ ಬಾಯಿ, ಚಿಮ್ಮುವ ನೀರು. ಎಲ್ಲರ ಬಟ್ಟೆಯೂ ತೊಯ್ದು ಮೈಗಂಟಿತು. ಯಾರೂ ಏನನ್ನೂ ನೋಡಲಿಲ್ಲ. ಅಕ್ಕ ಆಕಾಶ ನೋಡಿದಳು. ಲ್ಯಾಬಿನವರು ಉಗುರು ನೋಡಿಕೊಂಡರು. ಲೈನ್‌ಮನ್ ಟವೆಲನ್ನು ಮತ್ತೆ ಮುಖಕ್ಕೆ ಹೊದ್ದುಕೊಂಡ, ನಿಂತಲ್ಲೇ.

ಕಿಟಕಿರಾಯನಿಗೆ ಆಗ ಏನಾಯಿತೋ. ಇಡೀ ದಿನ ಹೊತ್ತ ಕ್ಯಾನಿನ ಭಾರವೋ, ಮುಚ್ಚಿದ ಕಣ್ಣಲ್ಲಿ ಕಂಡ ಕೊಡವೋ, ಸರಳಿಲ್ಲದ ಆ ಜಾಗದಲ್ಲಿ ಬೆಕ್ಕಿಗೆ ಒಂದು ಗಳಿಗೆ ಹುಲಿಯ ಭ್ರಮೆ ಹಿಡಿಯಿತು.

"ಸರ್," ಎಂದ, "ಇದು ನಮ್ಮ..."

"ಹೌದು! ಇದು ನಮ್ಮ ಪ್ರಕೃತಿ!" ಸಾಹೇಬರ ದನಿ ನೀರಿಗಿಂತ ಮೇಲಕ್ಕೆ ಚಿಮ್ಮಿತು. "ಚಿಲುಮೆ! ನೈಸರ್ಗಿಕ ಚಿಲುಮೆ!"

ಎಲ್ಲರ ಎದೆಯಿಂದಲೂ ಕಲ್ಲು ಇಳಿದ ಹಾಗೆ ಉಸಿರು ಹೊರಬಿತ್ತು.

"ಬಂಡೆ ಎಷ್ಟು ಗುಂಡಗಿದೆ ನೋಡಿ ಸರ್," ಎಂದಳು ಅಕ್ಕ.

"ಕಬ್ಬಿಣದ ಅಂಶ ಇರೋ ಬಂಡೆ," ಎಂದರು ಲ್ಯಾಬಿನವರು.

"ನೀಲಿ ಪಟ್ಟೆ?" ಎಂದ ಕಿಟಕಿರಾಯ.

"ಅದು ಪಾಚಿ ರಾಯರೇ," ಎಂದಿತು ಟವೆಲು. "ನೀಲಿ ಪಾಚಿ."

ಸಾಹೇಬರು ಬೊಗಸೆಯೊಡ್ಡಿ ಕುಡಿದರು, ಫೋಟೋ ತೆಗೆಸಿಕೊಂಡರು, ಅಲ್ಲೇ ನಿಂತು ಆಜ್ಞೆಯನ್ನೂ ಹೊರಡಿಸಿದರು. ಇಂಥ ಚಿಲುಮೆಯನ್ನು ಕಾಪಾಡಬೇಕು. ಯಾರೂ ಮುಟ್ಟಬಾರದು, ಅಗೆಯಬಾರದು, ಮುಚ್ಚಬಾರದು. ಇದಕ್ಕೊಬ್ಬ ಹೊಣೆಗಾರ ಬೇಕು. "ನಮ್ಮಲ್ಲಿ ಪದ್ಧತಿ ಗೊತ್ತಲ್ಲ? ಮೊದಲು ಕಂಡವನೇ ಹೊಣೆ. ಕಂಡವರು ನೀವು."

"ನಾನು ಕಣ್ಣು ಮುಚ್ಚಿಕೊಂಡಿದ್ದೆ ಸರ್!"

"ವಿನಯ ಬೇಡ. ಸೋಮವಾರದಿಂದ ನಿಮ್ಮ ಕುರ್ಚಿ ಇಲ್ಲಿ."

"ಮತ್ತೆ ನಕ್ಷೆ ಕೋಣೆ?"

"ಅಲ್ರೀ, ಆ ಕತ್ತಲಲ್ಲಿ ಕೂತು ಏನು ಮಾಡ್ತೀರಿ? ಇಲ್ಲಿ ಗಾಳಿ ಇದೆ, ಬೆಳಕಿದೆ. ನಿಮಗೆ ಬೇಕಾದ್ದು ಆ ದೂರು ಕಿಟಕಿ ತಪ್ಪಬೇಕು ಅನ್ನೋದು ತಾನೇ? ತಪ್ಪಿತಲ್ಲ!"

ವಾಪಸು ಬರುವಾಗ ಕಿಟಕಿರಾಯ ಯೋಚಿಸಿ ನೋಡಿದ. ಹೌದಲ್ಲ! ಕಾಡು, ಹೊಳೆ, ಹಕ್ಕಿ. ಖಾಲಿ ಕೊಡ ಇಲ್ಲ, ಬೈಗುಳ ಇಲ್ಲ. ಚಿಲಕ ಇಲ್ಲದಿದ್ದರೇನು, ಹಾಕಿಕೊಳ್ಳಬೇಕಾದ ಬಾಗಿಲೇ ಇಲ್ಲ. ಮನೆಗೆ ಹೋಗಿ ಹೆಂಡತಿಗೆ, "ನನಗೆ ವರ್ಗ ಆಯ್ತು ಕಣೇ. ಇನ್ನು ಮೇಲೆ ಯಾರ ಕಾಟವೂ ಇಲ್ಲ," ಎಂದ. ಕೊಳವೆಯ ಮಾತೆತ್ತಲು ಬಾಯಿ ತೆರೆದವನು ಆಕಳಿಸಿ ಮುಚ್ಚಿಕೊಂಡ. ಬೆಕ್ಕು ತನ್ನ ಜಾಗಕ್ಕೆ ಮರಳಿತ್ತು. ಹೆಂಡತಿ ಖಾಲಿ ಕೊಡವನ್ನು ಕುಕ್ಕಿ ಒಳಗೆ ಹೋದಳು.

ಭಾನುವಾರದ ಪತ್ರಿಕೆಯಲ್ಲಿ ಸಾಹೇಬರ ಬೊಗಸೆಯ ಫೋಟೋ ಬಂತು. ಮಂಡಿ ನೋವು ಇಳಿಯುತ್ತದೆ ಎಂಬ ಸುದ್ದಿಯೂ ಬಂತು.

ಸೋಮವಾರ ಕಿಟಕಿರಾಯ ಕುರ್ಚಿಯಲ್ಲಿ ಕೂತು ಒಂದು ಹಕ್ಕಿಯನ್ನು ನೋಡುತ್ತಿದ್ದಾಗ ಹಕ್ಕಿ ಹೆದರಿ ಹಾರಿತು. ಪೊದೆಗಳಾಚೆಯಿಂದ ಠಣಠಣ ಸದ್ದು ಬಂತು. ಆ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಖಾಲಿ ಕೊಡಗಳ ಸದ್ದು. ಇಡೀ ಊರು ಬರುತ್ತಿತ್ತು. ಎಲ್ಲರಿಗಿಂತ ಮುಂದೆ, ಸೊಂಟದಲ್ಲೊಂದು ಕೈಯಲ್ಲೊಂದು ಕೊಡ ಹಿಡಿದು, ಬೀದಿಯ ಹೆಂಗಸರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಅವನ ಹೆಂಡತಿ.

ಅವಳು ಚಿಮ್ಮುವ ನೀರನ್ನು ನೋಡಿದಳು. ಗುಂಡಗಿನ ಬಂಡೆಯನ್ನು ನೋಡಿದಳು. ನೀಲಿ ಪಾಚಿಯನ್ನು ಸೆರಗಿನ ತುದಿಯಿಂದ ಒರೆಸಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಆ ಕೊಳವೆಯನ್ನು ಕಣ್ಣು ತೆರೆದು ನೋಡಿದ ಮೊದಲ ವ್ಯಕ್ತಿ ಅವಳೇ.

"ರೀ," ಎಂದಳು, ಬಲು ಮೆಲ್ಲಗೆ. "ಇದು ನಮ್ಮ ನಲ್ಲಿ ನೀರಲ್ವೇನ್ರೀ? ಮನೆಗೆ ಯಾವಾಗ ಬಿಡ್ತೀರಿ?"

ಊರಿಗೂರೇ ಉತ್ತರಕ್ಕಾಗಿ ಮುಂದಕ್ಕೆ ಬಾಗಿತು.

"ಲೈನ್‌ಮನ್ ಹೋಗಿದಾರೆ," ಎಂದಿತು ಕಿಟಕಿರಾಯನ ಬಾಯಿ.

ದನಿಗಳು ಏಳತೊಡಗಿದವು, ಎಲ್ಲ ಒಟ್ಟಿಗೆ. ಕಿಟಕಿರಾಯನ ಕೈ ತಾನಾಗಿ ಮೇಲೆದ್ದು ಮರದ ಪರದೆಯನ್ನು ಕೆಳಕ್ಕೆಳೆಯಲು ಹೋಯಿತು. ಬೆರಳಿಗೆ ಸಿಕ್ಕಿದ್ದು ಬರೀ ಗಾಳಿ.

ಗಾಳಿಯಲ್ಲೇ ನಿಂತ ಆ ಕೈಗೆ ಹೆಂಡತಿ ಕೊಡ ಸಿಕ್ಕಿಸಿದಳು.

"ತುಂಬಿಸಿ."

ಅವಳ ಹಿಂದೆ ಊರು ಸಾಲು ಹಿಡಿದು, ಒಂದೊಂದೇ ಕೊಡವನ್ನು ಅವನತ್ತ ಚಾಚಿತು.